ಪಿಕಪ್ ಮೂತಿ ಎತ್ತಿಸಬೇಕು: ಸ್ಪೇಸರ್ ಸಾಕಾ, ಪೂರ್ತಿ ಲಿಫ್ಟ್ ಕಿಟ್ ಬೇಕಾ?

ಸೊಪ್ಪಿನಬೆಟ್ಟ, ಶಿರಸಿ

ನನ್ನದು ಇಸುಜು ಡಿ-ಮ್ಯಾಕ್ಸ್ ವಿ-ಕ್ರಾಸ್, ಫೋರ್ ವೀಲ್ ಡ್ರೈವ್, ಕೆಎ-31 ಪಾಸಿಂಗ್. ಟೈರು ಕಂಪನಿಯ ಅಳತೆಯದ್ದೇ, 245/70 ಆರ್16. ಡಾಂಬರು ರಸ್ತೆ ಬಿಟ್ಟು ನಮ್ಮ ಕೇರಿಗೆ ಇಳಿಯುವ ದಾರಿ ಪೂರ್ತಿ ಮಣ್ಣಿನದು. ಮಳೆಗಾಲದಲ್ಲಿ ನೀರು ಕೊರೆದು, ಟ್ರ್ಯಾಕ್ಟರ್ ಗಾಲಿ ಓಡಾಡಿ ಎರಡೂ ಬದಿ ಹೊಂಡ ಬಿದ್ದಿದೆ, ನಡುವೆ ದಿಬ್ಬ ನಿಂತಿದೆ. ತೋಟದ ತಲೆಯಲ್ಲಿ ದಾರಿಗೆ ಅಡ್ಡವಾಗಿ ಒಂದು ಕಾಲುವೆ ಬೇರೆ. ಅಲ್ಲಿ ಪ್ರತಿ ಸಲ ಅಡಿ ತಗಡು ಗರ್ರ್ ಅಂತ ಉಜ್ಜುತ್ತದೆ. ಕೊಯ್ಲಿನ ಹೊತ್ತಿಗೆ ಹಸಿ ಅಡಿಕೆ ಚೀಲ, ಬೇಸಿಗೆಯಲ್ಲಿ ದರಕು (ಒಣಗಿದ ಎಲೆ), ಗೊಬ್ಬರ ಎಲ್ಲ ಇದೇ ಗಾಡಿಯಲ್ಲಿ ಬರಬೇಕು. ತಿಂಗಳಿಗೆ ಹಲವು ಸಲ ದೇವಿಮನೆ ಘಟ್ಟ ಇಳಿದು ಕುಮಟಾಕ್ಕೆ ಹೋಗುವುದೂ ಇದೆ.

ಗಾಲಿಯ ನಡುವಿನಿಂದ ಮಡ್‌ಗಾರ್ಡ್ ಅಂಚಿನವರೆಗೆ ಟೇಪ್ ಹಿಡಿದು ನೋಡಿದೆ. ಮುಂದೆ 480 ಮಿ.ಮೀ., ಹಿಂದೆ 535. ಅಂದರೆ ಮೂತಿ ಎರಡು ಇಂಚಿಗಿಂತ ಸ್ವಲ್ಪ ಹೆಚ್ಚೇ ಕೆಳಗಿದೆ. ಹುಬ್ಬಳ್ಳಿಯಲ್ಲಿ ಒಬ್ಬರು, ಎರಡು ಇಂಚಿನ ಸ್ಪೇಸರ್ (ಸ್ಪ್ರಿಂಗಿನ ತಲೆ ಮೇಲೆ ಇಡುವ ತುಂಡು) ಹಾಕಿ ಸಮ ಮಾಡಿಕೊಡುತ್ತೇನೆ, ಅರ್ಧ ದಿನದ ಕೆಲಸ ಅಂದಿದ್ದಾರೆ. ಇನ್ನೊಬ್ಬರು ಮುಂದೆ ಸ್ಪ್ರಿಂಗು, ಶಾಕು, ಹಿಂದೆ ಪಾಟಾ (ಪಟ್ಟಿ ಪಟ್ಟಿ ಜೋಡಿಸಿದ ಸ್ಪ್ರಿಂಗು) ಎಲ್ಲ ಸೇರಿಸಿ ಪೂರ್ತಿ ಕಿಟ್ ಹಾಕಿಸಿ ಅನ್ನುತ್ತಾರೆ. ಎರಡರ ರೇಟಿಗೂ ಅಜಗಜಾಂತರ. ಹಾಕಿಸಿದವರು, ಕೆಲಸ ಗೊತ್ತಿದ್ದವರು ದಯವಿಟ್ಟು ಹೇಳಿ.

ಸದಾಶಿವಗಡ, ಕಾರವಾರ

ಮಾರಾಯ್ರೆ, ಪಿಕಪ್‌ಗೆ ಹಿಂದೆ ಎತ್ತರ ಇರುವುದು ದೋಷ ಅಲ್ಲ, ಹಾಗೆ ಮಾಡಿಯೇ ಕಳಿಸುವುದು. ಚೀಲ ಹೇರಿದಾಗ ಹಿಂದು ಕೂರುತ್ತದೆ, ಆಗ ಗಾಡಿ ಸಮ ಬರಬೇಕು. ಖಾಲಿ ಇರುವಾಗಲೇ ಸಮ ಮಾಡಿಸಿದರೆ ಅಡಿಕೆ ಹೇರಿದ ದಿನ ಹಿಂದು ಕುಸಿದು ಮೂತಿ ಆಕಾಶ ನೋಡುತ್ತದೆ. ಹೆಡ್‌ಲೈಟ್ ಎದುರಿನವನ ಕಣ್ಣಿಗೇ ಹೊಡೆಯುತ್ತದೆ. ಎನ್‌ಎಚ್ 66ರಲ್ಲಿ ರಾತ್ರಿ ಓಡಿಸುವವರಿಗೆ ಈ ಕಷ್ಟ ಗೊತ್ತು. ಮೊದಲು ಹೇಳಿ, ವರ್ಷದಲ್ಲಿ ಎಷ್ಟು ದಿನ ಖಾಲಿ, ಎಷ್ಟು ದಿನ ಹೇರಿಕೊಂಡು ಓಡಿಸುತ್ತೀರಿ?

ಸೊಪ್ಪಿನಬೆಟ್ಟ, ಶಿರಸಿ

ಹೆಚ್ಚಾಗಿ ಖಾಲಿಯೇ. ಹೇರುವುದು ಕೊಯ್ಲಿನಲ್ಲಿ, ಆಮೇಲೆ ಗೊಬ್ಬರದ ಕಾಲದಲ್ಲಿ. ಆದರೆ ಹೇರಿದಾಗ ಚೆನ್ನಾಗಿಯೇ ಹೇರುತ್ತೇವೆ.

ಪಾಟಾ ಕೆಲಸ, ಅಂಕೋಲಾ

ತಮಾ, ಅಳತೆ ಹಿಡಿದು ಹಾಕಿದ್ದು ಒಳ್ಳೆಯದಾಯಿತು. ಹೆಚ್ಚಿನವರು ಫೋಟೋ ತೋರಿಸಿ ಎತ್ತಿಸಿ ಅನ್ನುತ್ತಾರೆ. ಆದರೆ ಇನ್ನೊಂದು ವಿಷಯ ಗೊತ್ತಾಗದೆ ಯಾವ ಕಿಟ್ಟನ್ನೂ ಹೇಳಲಿಕ್ಕೆ ಬರುವುದಿಲ್ಲ: ಕೆಳಗೆ ನಿಜವಾಗಿ ತಾಗುತ್ತಿರುವುದು ಯಾವುದು? ಶಬ್ದ ಕೇಳಿ ಅಂದಾಜು ಮಾಡಬೇಡಿ. ಅಡಿ ತಗಡು, ಗೇರ್‌ಬಾಕ್ಸ್ ಕೆಳಗಿನ ಕ್ರಾಸ್ ಮೆಂಬರ್, ಹಿಂದಿನ ಹೌಸಿಂಗಿನ (ಎರಡು ಗಾಲಿ ನಡುವಿನ ಆಕ್ಸಲ್ ಕವಚದ) ಉಬ್ಬು, ಪಾಟಾ ಕಟ್ಟಿನ ಕೆಳಗಿನ ಪ್ಲೇಟು, ಇಷ್ಟಕ್ಕೂ ಸುಣ್ಣ ಬಳಿದು ಒಣಗಲು ಬಿಡಿ. ನಿಮ್ಮ ದಾರಿಯಲ್ಲಿ ಒಂದು ಸಲ ಇಳಿದು ಹತ್ತಿ. ಮೇಲೆ ಬಂದು ಕೆಳಗೆ ಮಲಗಿ ನೋಡಿ, ಸುಣ್ಣ ಎಲ್ಲಿ ಒರೆಸಿ ಹೋಗಿದೆಯೋ ಅದೇ ಜಾಗ.

ಇದನ್ನು ಯಾಕೆ ಹೇಳುತ್ತೇನೆ ಅಂದರೆ, ಸ್ಪ್ರಿಂಗು, ಪಾಟಾ ಎಷ್ಟೇ ಎತ್ತಿಸಿದರೂ ಹಿಂದಿನ ಹೌಸಿಂಗ್ ನೆಲದಿಂದ ಒಂದು ಮಿ.ಮೀ. ಕೂಡ ಮೇಲೇಳುವುದಿಲ್ಲ. ಅದು ಗಾಲಿಯ ಜೊತೆಗೇ ಇರುವುದು. ಏಳುವುದು ಚಾಸಿಸ್ಸು, ಬಾಡಿ, ಮೂತಿ ಮಾತ್ರ. ಹೌಸಿಂಗ್ ಏಳಬೇಕಾದರೆ ಟೈರಿನ ಎತ್ತರ ಹೆಚ್ಚಬೇಕು. ನಡು ದಿಬ್ಬಕ್ಕೆ ಉಜ್ಜುತ್ತಿರುವುದು ಹೌಸಿಂಗ್ ಆಗಿದ್ದರೆ ಲಿಫ್ಟ್ ಕಿಟ್ಟಿಗೆ ಕೊಟ್ಟ ದುಡ್ಡು ನೀರಿಗೆ ಹಾಕಿದ ಹಾಗೆ.

ಮುಂದೆ ಕಬ್ಬಿಣದ ಗಾರ್ಡ್ ಏನಾದರೂ ಕಟ್ಟಿಸಿದ್ದೀರಾ?

ಇನ್ನು ಎರಡು ಇಂಚಿನ ಸ್ಪೇಸರ್ ಅಂದವರ ಹತ್ತಿರ ಒಂದು ಪ್ರಶ್ನೆ ಕೇಳಲೇಬೇಕು. ತುಂಡಿನ ದಪ್ಪ ಎರಡು ಇಂಚಾ, ಇಲ್ಲಾ ಗಾಡಿ ಏಳುವುದು ಎರಡು ಇಂಚಾ? ನಿಮ್ಮ ಗಾಡಿಗೆ ಮುಂದೆ ಮೇಲೊಂದು ಕೆಳಗೊಂದು ಆರ್ಮ್, ಕೆಳಗಿನ ಆರ್ಮಿನ ಮಧ್ಯದಲ್ಲಿ ಸ್ಪ್ರಿಂಗು ಕೂತಿದೆ. ಏತದ ಕೋಲಿನ ಹಾಗೆ, ನಡುವೆ ಚೂರು ಸರಿದರೆ ತುದಿಯಲ್ಲಿ ಬಹಳ ಸರಿಯುತ್ತದೆ. ಸ್ಪ್ರಿಂಗ್ ಜೋಡಣೆಯ ತಲೆ ಮೇಲೆ 25 ಮಿ.ಮೀ. ತುಂಡು ಇಟ್ಟರೆ ಗಾಲಿಯ ಹತ್ತಿರ ಸುಮಾರು 40ರಿಂದ 50 ಮಿ.ಮೀ. ಏಳುತ್ತದೆ. ಎರಡು ಇಂಚು ದಪ್ಪದ ತುಂಡನ್ನೇ ಇಟ್ಟುಬಿಟ್ಟರೆ ಗಾಲಿ ಪೂರ್ತಿ ಜೋತು ಬಿದ್ದಾಗ ಮೇಲಿನ ಬಾಲ್ ಜಾಯಿಂಟ್ ಕೊನೆ ಮುಟ್ಟುತ್ತದೆ, ಮುಂದಿನ ಗಾಲಿ ತಿರುಗಿಸುವ ಡ್ರೈವ್ ಶಾಫ್ಟಿನ ಸಿವಿ ಜಾಯಿಂಟ್ (ಬಾಗುವ ಕೀಲು) ವಿಪರೀತ ಕೋನದಲ್ಲಿ ತಿರುಗುತ್ತದೆ, ಅದರ ರಬ್ಬರ್ ಬೂಟು ಸೀಳುತ್ತದೆ. ಸೀಳಿದ ಬೂಟಿನೊಳಗೆ ನಮ್ಮ ಕೆಂಪು ಮಣ್ಣು ಹೋದರೆ ಜಾಯಿಂಟ್ ಒಂದು ಮಳೆಗಾಲವೂ ಬಾಳುವುದಿಲ್ಲ.

ದೇವಿಮನೆ ತಿರುವು, ಕುಮಟಾ

ನಾನು ಪೂರ್ತಿ ಕಿಟ್ ಹಾಕಿಸಿದವನು, ಹಾಗಾಗಿ ಆ ಕಡೆಯ ಮಾತು ನಾನು ಹೇಳುತ್ತೇನೆ. ನನ್ನದೂ ವಿ-ಕ್ರಾಸೇ. ಸ್ಪೇಸರ್ ಅಲ್ಲ, ಮುಂದೆ ಬೇರೆ ಸ್ಪ್ರಿಂಗು, ಉದ್ದದ ಶಾಕು, ಮೇಲಿನ ಆರ್ಮ್ ಬೇರೆ, ಹಿಂದೆ ಬೇರೆ ಪಾಟಾ ಕಟ್ಟು. ಸುಮಾರು 50 ಮಿ.ಮೀ. ಎದ್ದಿದೆ. ಗದ್ದೆ ಬದಿ, ಹೊಳೆ ದಂಡೆ, ಯಾಣದ ಕಡೆಯ ಕಾಡುದಾರಿ, ಎಲ್ಲಿ ಹೋದರೂ ಮೊದಲಿಗಿಂತ ನಿಶ್ಚಿಂತೆ. ಸ್ಪೇಸರ್‌ನಲ್ಲಿ ಎತ್ತರ ಸಿಗುತ್ತದೆ, ಆದರೆ ಶಾಕ್ ಹಳೆಯದ್ದೇ, ಸ್ಪ್ರಿಂಗ್ ಹಳೆಯದ್ದೇ. ಗಾಲಿ ಕೆಳಗೆ ಜೋತು ಬೀಳಲು ಮೊದಲಿದ್ದಷ್ಟು ಜಾಗ ಉಳಿಯುವುದಿಲ್ಲ, ಹೊಂಡಕ್ಕೆ ಇಳಿದಾಗ ಮೇಲೆ ಟಕ್ ಅಂತ ಹೊಡೆಯುತ್ತದೆ. ಒಳ್ಳೆಯ ಕಿಟ್ಟಿನಲ್ಲಿ ಶಾಕಿನ ಉದ್ದವೇ ಹೊಸ ಎತ್ತರಕ್ಕೆ ಹೊಂದುವ ಹಾಗೆ ಇರುತ್ತದೆ.

ಮಾಡಿಸುವುದಾದರೆ ಸರಿಯಾಗಿ ಮಾಡಿಸಿ, ಇಲ್ಲವಾದರೆ ಗಾಡಿ ಇದ್ದ ಹಾಗೇ ಇರಲಿ. ನನ್ನ ಅಭಿಪ್ರಾಯ ಇಷ್ಟೇ.

ಒಂದು ಎಚ್ಚರ: ಸ್ಪ್ರಿಂಗ್ ಕಟ್ಟುಗಳು ಮುಂದೆ ಎಷ್ಟು ತೂಕ ಇದೆ ಅನ್ನುವುದರ ಮೇಲೆ ಬೇರೆ ಬೇರೆ ಬರುತ್ತವೆ. ವಿಂಚು, ಕಬ್ಬಿಣದ ಬಂಪರು ಇದ್ದ ಗಾಡಿಯ ಸ್ಪ್ರಿಂಗನ್ನು ಖಾಲಿ ಮೂತಿಯ ಗಾಡಿಗೆ ಹಾಕಿದರೆ ಹೇಳಿದ್ದಕ್ಕಿಂತ ಹೆಚ್ಚು ಏಳುತ್ತದೆ, ಕುಣಿಯುತ್ತದೆ. ಹಿಂದಿನ ಪಾಟಾ ಕೂಡ ಹಾಗೇ. ಸದಾ ಭಾರ ಹೊರುವ ಗಾಡಿಗೆ ಮಾಡಿದ ಕಟ್ಟನ್ನು ಖಾಲಿ ಓಡಾಡುವ ಗಾಡಿಗೆ ಹಾಕಿಸಿದರೆ ಹಿಂದೆ ಕೂತವರ ಬೆನ್ನು ಹೋಗುತ್ತದೆ.

ಅಘನಾಶಿನಿ ದಂಡೆ, ಕುಮಟಾ

ನಮ್ಮ ಮನೆಯಲ್ಲೂ ಪಿಕಪ್ ಇದೆ, ಓಡಿಸುವವಳು ನಾನೇ. ಎತ್ತಿಸುವ ಮಾತು ಬಂದಾಗ ನನ್ನ ಮೊದಲ ಪ್ರಶ್ನೆ, ಆಯಿ ಹತ್ತುವುದು ಹೇಗೆ? ಈಗಲೇ ಬಾಗಿಲ ಹಿಡಿಕೆ ಹಿಡಿದು, ಒಬ್ಬರು ಹಿಂದಿನಿಂದ ಕೈಕೊಟ್ಟು ಹತ್ತಿಸಬೇಕು. ಎರಡು ಇಂಚು ಅಂದರೆ ಗಂಡಸರಿಗೆ ಏನೂ ಅಲ್ಲ, ಎಪ್ಪತ್ತು ದಾಟಿದ ಮಂಡಿಗೆ ಅದು ದೊಡ್ಡದೇ. ಡಾಲಾಕ್ಕೆ (ಹಿಂದಿನ ಸರಕು ತೊಟ್ಟಿಗೆ) ಚೀಲ ಎತ್ತಿ ಹಾಕುವ ಕೆಲಸದವರಿಗೂ ಅಷ್ಟೇ. ಒಂದು ಚೀಲಕ್ಕಲ್ಲ, ಸಂಜೆವರೆಗೆ ಎತ್ತುವ ಅಷ್ಟೂ ಚೀಲಕ್ಕೆ ಎರಡು ಇಂಚು ಹೆಚ್ಚು ಎತ್ತಬೇಕು. ಗಾಡಿ ಉಪಯೋಗಿಸುವವರೆಲ್ಲರ ಹತ್ತಿರ ಕೇಳಿ ತೀರ್ಮಾನ ಮಾಡಿ ಅಣ್ಣ.

ಸದಾಶಿವಗಡ, ಕಾರವಾರ

ಅಕ್ಕ ಹೇಳಿದ್ದು ಅಕ್ಷರಶಃ ಸರಿ. ಯಾರೂ ಇದನ್ನು ಮೊದಲು ಯೋಚಿಸುವುದಿಲ್ಲ.

ಸೊಪ್ಪಿನಬೆಟ್ಟ, ಶಿರಸಿ

ಅಂಕೋಲೆಯ ಅಣ್ಣ, ಸುಣ್ಣ ಬಳಿದು ನೋಡಿದೆ. ಎರಡು ಕಡೆ ಹೋಗಿದೆ. ಕಾಲುವೆ ದಾಟುವಲ್ಲಿ ಮುಂದಿನ ಅಡಿ ತಗಡಿನ ಅಂಚು, ನಡು ದಿಬ್ಬದಲ್ಲಿ ಹಿಂದಿನ ಹೌಸಿಂಗಿನ ಉಬ್ಬು. ಗೇರ್‌ಬಾಕ್ಸ್ ಕೆಳಗೆ, ಚಾಸಿಸ್ಸಿನಲ್ಲಿ ಸುಣ್ಣ ಬಳಿದದ್ದು ಬಳಿದ ಹಾಗೇ ಇದೆ.

ಗಾರ್ಡ್ ಇದೆ. ಕಾಡುಹಂದಿ, ಕಡವೆ ಅಡ್ಡ ಬರುತ್ತವೆ ಅಂತ ದಪ್ಪ ಪೈಪಿನ ಕಬ್ಬಿಣದ ಗಾರ್ಡ್ ಕಟ್ಟಿಸಿದ್ದು, ಇಬ್ಬರು ಹಿಡಿದರೂ ಎತ್ತುವುದು ಕಷ್ಟ. ಸ್ಪ್ರಿಂಗ್ ಗಾಡಿ ತಂದಾಗಿನದ್ದೇ.

ಪಾಟಾ ಕೆಲಸ, ಅಂಕೋಲಾ

ಹಾಗಾದರೆ ಅರ್ಧ ಉತ್ತರ ಅಲ್ಲೇ ಸಿಕ್ಕಿತು. ಗಾರ್ಡ್ ಇರುವುದು ಮುಂದಿನ ಗಾಲಿಗಿಂತ ಮುಂದೆ. ಅಲ್ಲಿಯ ತೂಕ ಸ್ಪ್ರಿಂಗಿಗೆ ತನಗಿಂತ ಹೆಚ್ಚಾಗಿ ಬೀಳುತ್ತದೆ, ಮೂತಿ ಇಳಿಯುತ್ತದೆ. ವರ್ಷಗಟ್ಟಲೆ ಆ ತೂಕ ಹೊತ್ತ ಸ್ಪ್ರಿಂಗು ಸೋತಿರಲೂಬಹುದು. ಗಾರ್ಡ್ ಬಿಚ್ಚಿ, ಗಾಡಿಯನ್ನು ಸ್ವಲ್ಪ ಓಡಾಡಿಸಿ, ಸಮತಟ್ಟು ಜಾಗದಲ್ಲಿ ನಿಲ್ಲಿಸಿ ಮತ್ತೆ ಅಳೆಯಿರಿ. ಎಡ ಬಲ ಎರಡೂ ಅಳೆಯಿರಿ. ಡ್ರೈವರ್ ಬದಿ ಕಮ್ಮಿ ಬಂದರೆ ಆ ಸ್ಪ್ರಿಂಗು ಸೋತದ್ದೇ.

ಕಾಗದಪತ್ರ, ಹೊನ್ನಾವರ

ಗಾರ್ಡ್ ಬಿಚ್ಚಲು ಇನ್ನೊಂದು ಕಾರಣವೂ ಇದೆ. ಬುಲ್ ಬಾರ್, ಕ್ರ್ಯಾಶ್ ಗಾರ್ಡ್ ಹಾಕಿದವರ ಮೇಲೆ ಕ್ರಮ ಕೈಗೊಳ್ಳಿ ಅಂತ ಕೇಂದ್ರ ಸಾರಿಗೆ ಸಚಿವಾಲಯ 2017ರ ಡಿಸೆಂಬರಿನಲ್ಲೇ ರಾಜ್ಯಗಳಿಗೆ ಬರೆದಿದೆ. ನಡೆದು ಹೋಗುವವರಿಗೆ ತಾಗಿದರೆ ಆಗುವ ಅನಾಹುತ ಒಂದು ಕಡೆ. ಡಿಕ್ಕಿಯ ಪೆಟ್ಟು ಚಾಸಿಸ್ಸಿಗೆ ನೇರ ಹೋಗಿ ಏರ್‌ಬ್ಯಾಗ್ ಬಿಚ್ಚಿಕೊಳ್ಳುವುದಕ್ಕೂ ಅಡ್ಡಿ ಆಗಬಹುದು, ಅದು ಇನ್ನೊಂದು.

ಇನ್ನು ಲಿಫ್ಟಿನ ವಿಷಯ. ಮೋಟಾರು ವಾಹನ ಕಾಯ್ದೆ 1988ರ 52ನೇ ಕಲಮು ವಾಹನದ ಮಾರ್ಪಾಡಿಗೆ ಸಂಬಂಧಿಸಿದ್ದು. ತಯಾರಕರು ಮೂಲದಲ್ಲಿ ಕೊಟ್ಟ ವಿವರಕ್ಕೂ ನೋಂದಣಿ ಪತ್ರದ ವಿವರಕ್ಕೂ ವ್ಯತ್ಯಾಸ ಬರುವ ಹಾಗೆ ಮಾಲೀಕರು ವಾಹನ ಬದಲಾಯಿಸಬಾರದು ಅನ್ನುತ್ತದೆ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೇರಳದ ಪ್ರಕರಣವೊಂದರಲ್ಲಿ ಇದನ್ನು ಬಿಗಿಯಾಗಿಯೇ ಓದಿತು. ಅದೇ ವರ್ಷದ ತಿದ್ದುಪಡಿಯಲ್ಲಿ 182ಎ ಕಲಮು ಬಂತು. ಅದರ 4ನೇ ಉಪಕಲಮಿನ ಪ್ರಕಾರ ಅನುಮತಿ ಇಲ್ಲದ ಮಾರ್ಪಾಡಿಗೆ ಆರು ತಿಂಗಳವರೆಗೆ ಸಜೆ, ಅಥವಾ ಒಂದೊಂದು ಮಾರ್ಪಾಡಿಗೆ 5,000 ರೂಪಾಯಿ ದಂಡ, ಅಥವಾ ಎರಡೂ.

ದಂಡ ಕಟ್ಟಿ ಬರುತ್ತೇನೆ ಅನ್ನುವವರು ಇದ್ದಾರೆ. ನನಗೆ ಚಿಂತೆ ಇರುವುದು ವಿಮೆಯದ್ದು. ತಿಳಿಸದೆ ಮಾಡಿಸಿದ ಬದಲಾವಣೆ ಇದ್ದ ಗಾಡಿ ಅಪಘಾತಕ್ಕೆ ಸಿಕ್ಕರೆ ವಿಮಾ ಕಂಪನಿಗೆ ಕ್ಲೇಮ್ ತಳ್ಳಿಹಾಕಲು ನಾವೇ ಕಾರಣ ಕೊಟ್ಟ ಹಾಗೆ. ಕಿಟ್ ಮಾರುವವರು 'ಎಲ್ಲರೂ ಹಾಕಿಸ್ತಾರೆ, ಏನೂ ಆಗುವುದಿಲ್ಲ' ಅನ್ನುವ ಮಾತು ಆ ದಿನ ಕೆಲಸಕ್ಕೆ ಬರುವುದಿಲ್ಲ. ಮಾಡಿಸುವುದಿದ್ದರೆ ಮೊದಲು ನಿಮ್ಮ ಆರ್‌ಟಿಒ ಕಚೇರಿಗೆ ಬರೆದು ಕೇಳಿ, ವಿಮೆಯವರಿಗೂ ಬರೆದು ಕೇಳಿ, ಉತ್ತರವನ್ನು ಕಾಗದದಲ್ಲೇ ಇಟ್ಟುಕೊಳ್ಳಿ. ಶಿರಸಿಯವರಿಗೆ ಶಿರಸಿಯಲ್ಲೇ ಕಚೇರಿ ಇದೆ, ನಮಗೆ ಹೊನ್ನಾವರದಲ್ಲಿದೆ. ಕಾರವಾರಕ್ಕೆ ಅಲೆಯಬೇಕಾದ ಕಾಲ ಈಗಿಲ್ಲ.

ದೇವಿಮನೆ ತಿರುವು, ಕುಮಟಾ

ಕಾನೂನು ನೀವು ಹೇಳಿದ್ದು ಒಪ್ಪುತ್ತೇನೆ. ಆದರೆ ಸೋತ ಸ್ಪ್ರಿಂಗನ್ನು ಹೊಸದಕ್ಕೆ ಬದಲಾಯಿಸುವುದು ಬೇರೆ, ಗಾಡಿಯನ್ನು ಆರು ಇಂಚು ಎತ್ತಿ ಗೋಪುರ ಮಾಡುವುದು ಬೇರೆ. ಎರಡನ್ನೂ ಒಂದೇ ತಕ್ಕಡಿಗೆ ಹಾಕಬಾರದು ಅನ್ನುವುದು ನನ್ನ ವಾದ.

ಕಾಗದಪತ್ರ, ಹೊನ್ನಾವರ

ಸವೆದ ಭಾಗಕ್ಕೆ ಅದೇ ಅಳತೆಯ ಹೊಸ ಭಾಗ ಹಾಕುವುದು ರಿಪೇರಿ, ಅದಕ್ಕೆ ಯಾರ ತಕರಾರೂ ಇಲ್ಲ. ಎತ್ತರ ಬದಲಾಯಿಸುವ ಕಿಟ್ ವಿಷಯಕ್ಕೇ ಬರೆದು ಕೇಳಿ ಅಂದದ್ದು.

ಬೈತಖೋಲ ಬಂದರು, ಕಾರವಾರ

ನನ್ನ ಪ್ರಶ್ನೆ ಸ್ವಲ್ಪ ಬೇರೆ, ಆದರೆ ಇಲ್ಲೇ ಕೇಳುತ್ತೇನೆ. ನನ್ನದು ಮೀನು ಹೊರುವ ಪಿಕಪ್, ಹಳದಿ ಬೋರ್ಡು. ಬಂದರಿನಿಂದ ಕ್ರೇಟು ತುಂಬಿಕೊಂಡು ಅರಬೈಲ್ ಘಟ್ಟ ಹತ್ತಿ ಹುಬ್ಬಳ್ಳಿಗೆ ಹೋಗುವುದು. ಐಸ್ ಸೇರಿ ಭಾರ ಬಹಳ ಆಗುತ್ತದೆ, ಹಿಂದು ಪೂರಾ ಕೂತು ಬಿಡುತ್ತದೆ. ಒಂದೊಂದು ಪಾಟಾ ಹೆಚ್ಚಿಗೆ ಸೇರಿಸಿ, ಕೆಳಗೆ ಬ್ಲಾಕ್ (ಪಾಟಾ, ಹೌಸಿಂಗ್ ನಡುವೆ ಇಡುವ ಗಟ್ಟಿ ತುಂಡು) ಕೊಟ್ಟು ಎತ್ತಿಸಿ ಅಂತ ಜೊತೆಯವರು ಹೇಳುತ್ತಾರೆ. ಮಾಡಬಹುದಾ ಮೇಸ್ತ್ರಿ?

ಪಾಟಾ ಕೆಲಸ, ಅಂಕೋಲಾ

ನಿಮ್ಮ ಗಾಡಿಯ ವಿಷಯಕ್ಕೆ ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ. ಇದರಲ್ಲಿ ಜೀವದ ಪ್ರಶ್ನೆ ಇದೆ.

ಪಾಟಾ ಹೆಚ್ಚು ಹಾಕಿದರೆ ಹಿಂದು ಕೂರುವುದು ಕಮ್ಮಿ ಆಗುತ್ತದೆ ನಿಜ. ಆದರೆ ಗಾಡಿಯ ತಾಕತ್ತು ಹೆಚ್ಚುವುದಿಲ್ಲ. ಹೌಸಿಂಗು ಅದೇ, ಬೇರಿಂಗು ಅದೇ, ಬ್ರೇಕ್ ಡ್ರಮ್ಮು ಅದೇ, ಟೈರೂ ಅದೇ. ಕೂರುವುದು ಕಾಣಲಿಲ್ಲ ಅಂದ ಕೂಡಲೇ ಇನ್ನೆರಡು ಕ್ರೇಟು ಏರಿಸುವ ಮನಸ್ಸಾಗುತ್ತದೆ, ಅಪಾಯ ಶುರುವಾಗುವುದೇ ಅಲ್ಲಿ. ಆರ್‌ಸಿಯಲ್ಲಿ ಬರೆದ ಒಟ್ಟು ತೂಕವೇ ಕೊನೆ ಗೆರೆ.

ಇನ್ನು ಬ್ರೇಕು. ನಿಮ್ಮಂಥ ಹಲವು ಪಿಕಪ್‌ಗಳಲ್ಲಿ ಚಾಸಿಸ್ಸಿಗೆ ಒಂದು ವಾಲ್ವು, ಅದರಿಂದ ಹಿಂದಿನ ಹೌಸಿಂಗಿಗೆ ಒಂದು ಸಣ್ಣ ರಾಡು ಇರುತ್ತದೆ. ಎಲ್‌ಎಸ್‌ಪಿವಿ ಅನ್ನುತ್ತಾರೆ. ಹಿಂದೆ ಭಾರ ಬಿದ್ದು ಬಾಡಿ ಕೂತರೆ ರಾಡು ವಾಲ್ವನ್ನು ತಿರುಗಿಸಿ ಹಿಂದಿನ ಗಾಲಿಗೆ ಹೆಚ್ಚು ಬ್ರೇಕ್ ಬಿಡುತ್ತದೆ. ಖಾಲಿ ಇದ್ದು ಬಾಡಿ ಎದ್ದಿದ್ದರೆ, ಹಿಂದಿನ ಗಾಲಿ ಲಾಕ್ ಆಗಬಾರದು ಅಂತ ಕಮ್ಮಿ ಬಿಡುತ್ತದೆ. ಈಗ ನೀವು ಬ್ಲಾಕ್ ಇಟ್ಟು ಎತ್ತಿದಿರಿ ಅಂತಿಟ್ಟುಕೊಳ್ಳಿ. ಡಾಲಾ ತುಂಬ ಮೀನು ಇದ್ದರೂ ಆ ರಾಡಿಗೆ ಗಾಡಿ ಖಾಲಿ ಅಂತಲೇ ಕಾಣುತ್ತದೆ. ಹಿಂದಿನ ಬ್ರೇಕ್ ಅರ್ಧಕ್ಕರ್ಧ ಸತ್ತ ಹಾಗೆ, ಎಲ್ಲ ಹೊರೆ ಮುಂದಿನ ಡಿಸ್ಕಿನ ಮೇಲೆ. ಹುಬ್ಬಳ್ಳಿಯಿಂದ ಬರುವಾಗ ಸರಕು ಹೇರಿಕೊಂಡು ಅರಬೈಲ್ ಇಳಿಯುವಾಗ ಡಿಸ್ಕ್ ಕಾದು ಪೆಡಲ್ ಮೆತ್ತಗಾದರೆ ಏನು ಮಾಡುತ್ತೀರಿ? ಎತ್ತಿಸಿದವರು ಆ ರಾಡಿನ ಬ್ರಾಕೆಟ್ಟನ್ನು ಕಂಪನಿಯ ಅಳತೆ ಪ್ರಕಾರ ಹೊಂದಿಸಬೇಕು. ಈ ರಾಡನ್ನು ತಂತಿಯಲ್ಲಿ ಕಟ್ಟಿ ಬಿಟ್ಟ ಗಾಡಿಗಳನ್ನೂ ನೋಡಿದ್ದೇನೆ.

ಬ್ಲಾಕ್ ಇಡುವುದೇ ಆದರೆ ಹಿಂದಕ್ಕೆ ಮಾತ್ರ, ಒಂದೇ ತುಂಡು. ಒಂದರ ಮೇಲೊಂದು ಪೇರಿಸುವುದು ಬೇಡವೇ ಬೇಡ. ಮುಂದಿನ ಸ್ಟೇರಿಂಗ್ ಆಕ್ಸಲಿಗೆ ಬ್ಲಾಕ್ ಇಡಲೇಬಾರದು. ಪಾಟಾವನ್ನು ಹೌಸಿಂಗಿಗೆ ಬಿಗಿಯುವ ಯು-ಬೋಲ್ಟು ಹೊಸದೇ ಹಾಕಿ. ಒಮ್ಮೆ ಬಿಗಿದು ಹಿಗ್ಗಿದ ಯು-ಬೋಲ್ಟು ಎರಡನೇ ಸಲ ಅದೇ ಹಿಡಿತ ಕೊಡುವುದಿಲ್ಲ.

ನಿಮಗೆ ಎಲ್ಲಕ್ಕಿಂತ ದೊಡ್ಡ ಶತ್ರು ಉಪ್ಪುನೀರು. ಕ್ರೇಟಿನ ಐಸ್ ಕರಗಿದ ನೀರು ಡಾಲಾದ ಸಂದಿಯಿಂದ ನೇರ ಪಾಟಾ ಮೇಲೆ ಬೀಳುತ್ತದೆ. ಪಾಟಾಗಳ ನಡುವೆ ಕೂತು ತುಕ್ಕು ಹಿಡಿದು ಪದರ ಪದರ ಉಬ್ಬುತ್ತದೆ. ಯು-ಬೋಲ್ಟು ಸಡಿಲ ಬಿದ್ದ ಮೇಲೆ ನಡುವಿನ ಸೆಂಟರ್ ಬೋಲ್ಟೇ ಎಲ್ಲ ಎಳೆತ ತಡೆಯಬೇಕು, ಅದು ಕತ್ತರಿಸಿದ ದಿನ ಹೌಸಿಂಗ್ ಒಂದು ಬದಿ ಹಿಂದಕ್ಕೆ ಸರಿಯುತ್ತದೆ. ನೀರು ಚಾಸಿಸ್ಸಿನಿಂದ ದೂರ ಬೀಳುವ ಹಾಗೆ ಡಾಲಾದ ತೂತಿಗೆ ಪೈಪು ಕೊಡಿಸಿ. ಟ್ರಿಪ್ ಮುಗಿದ ಮೇಲೆ ಸಿಹಿನೀರಿನಲ್ಲಿ ಕೆಳಗಿನಿಂದ ತೊಳೆಯಿರಿ. ಎತ್ತಿಸುವ ದುಡ್ಡಲ್ಲಿ ಮೊದಲು ಸೋತ ಪಾಟಾ ಬದಲಾಯಿಸಿ, ಪಾಟಾ ತುದಿಯ ಶಾಕಲ್ ಬುಶ್ (ಕೀಲಿನ ಬಳೆ) ಹೊಸದು ಹಾಕಿಸಿ. ಕೂರುವುದು ಎಷ್ಟೋ ಕಮ್ಮಿ ಆಗುತ್ತದೆ.

ಬೈತಖೋಲ ಬಂದರು, ಕಾರವಾರ

ರಾಡು ಇದೆ ಮೇಸ್ತ್ರಿ, ಈಗಷ್ಟೇ ನೋಡಿ ಬಂದೆ. ಮಣ್ಣು ಮೆತ್ತಿ ಕಾಣುತ್ತಲೇ ಇರಲಿಲ್ಲ. ಕೈಯಲ್ಲಿ ಅಲ್ಲಾಡಿಸಿದರೆ ಅಲ್ಲಾಡುವುದೇ ಇಲ್ಲ.

ಪಾಟಾ ಕೆಲಸ, ಅಂಕೋಲಾ

ಅದು ಜಾಮ್ ಆಗಿದೆ. ಪಾಟಾ ಮಾತು ಆಮೇಲೆ. ಮುಂದಿನ ಟ್ರಿಪ್ಪಿಗೆ ಮೊದಲು ಅದನ್ನು ಬಿಡಿಸಿ, ವಾಲ್ವ್ ಕೆಲಸ ಮಾಡುತ್ತದಾ ಅಂತ ತೋರಿಸಿ. ಫಿಟ್‌ನೆಸ್‌ಗೆ ಹೋಗುವ ತನಕ ಕಾಯಬೇಡಿ.

ಕಾಗದಪತ್ರ, ಹೊನ್ನಾವರ

ಹಳದಿ ಬೋರ್ಡಿಗೆ ಎಂಟು ವರ್ಷ ಆಗುವ ತನಕ ಎರಡು ವರ್ಷಕ್ಕೊಮ್ಮೆ, ಆಮೇಲೆ ವರ್ಷಕ್ಕೊಮ್ಮೆ ಫಿಟ್‌ನೆಸ್. ಬ್ಲಾಕ್ ಇಟ್ಟ ಗಾಡಿ ಅಲ್ಲಿ ಇನ್‌ಸ್ಪೆಕ್ಟರ ಕಣ್ಣಿಗೆ ಬೀಳುತ್ತದೆ, ನೆನಪಿರಲಿ.

ಸೊಪ್ಪಿನಬೆಟ್ಟ, ಶಿರಸಿ

ಗಾರ್ಡ್ ಬಿಚ್ಚಿದೆ. ಮುಂದೆ 480 ಇದ್ದದ್ದು 492ಕ್ಕೆ ಬಂತು. ಎಡ ಬಲ ಅಳೆದರೆ ಡ್ರೈವರ್ ಬದಿ 7 ಮಿ.ಮೀ. ಕಮ್ಮಿ. ಅಣ್ಣ ಹೇಳಿದ ಹಾಗೆ ಸ್ಪ್ರಿಂಗ್ ಸೋತಿದೆ ಅಂತ ಕಾಣುತ್ತದೆ. ಕಿಟ್ ಸದ್ಯಕ್ಕೆ ಬೇಡ ಅಂತ ತೀರ್ಮಾನಿಸಿದೆ. ಕಂಪನಿಯ ಅಳತೆಯದ್ದೇ ಹೊಸ ಸ್ಪ್ರಿಂಗ್ ಜೋಡಿ, ಶಾಕ್ ಜೋಡಿ ತರಿಸಿದ್ದೇನೆ. ಇಲ್ಲೇ ಪೇಟೆಯ ಗ್ಯಾರೇಜಿನಲ್ಲಿ ಹಾಕಿಸುವುದು. ನಾನೂ ಹತ್ತಿರವೇ ನಿಂತಿರುತ್ತೇನೆ. ಏನೇನು ನೋಡಿಕೊಳ್ಳಬೇಕು?

ದೇವಿಮನೆ ತಿರುವು, ಕುಮಟಾ

ಸ್ಪ್ರಿಂಗೇ ಆಗಲಿ, ಕಿಟ್ಟೇ ಆಗಲಿ, ಬಿಚ್ಚಿ ಕಟ್ಟುವ ಕೆಲಸ ಒಂದೇ. ನನ್ನ ಗಾಡಿಗೆ ಮಾಡುವಾಗ ಪಕ್ಕದಲ್ಲೇ ನಿಂತು ನೋಡಿದ್ದನ್ನು ಹೇಳುತ್ತೇನೆ.

ಗಾಡಿ ಜಾಕಿನ ಮೇಲೆ ಬಿಟ್ಟು ಕೆಳಗೆ ಕೈ ಹಾಕಲು ಬಿಡಬೇಡಿ, ಚಾಸಿಸ್ಸಿಗೆ ಗಟ್ಟಿ ಸ್ಟ್ಯಾಂಡ್ ಕೊಡಬೇಕು. ಬ್ರೇಕ್ ಕ್ಯಾಲಿಪರನ್ನು ಹೋಸಿನಲ್ಲಿ ಜೋತು ಹಾಕಬಾರದು, ತಂತಿಯಲ್ಲಿ ಮೇಲೆ ಕಟ್ಟಬೇಕು. ಎಬಿಎಸ್ ವೈರು ತೆಳ್ಳಗಿರುತ್ತದೆ, ಆರ್ಮ್ ಕೆಳಗೆ ಇಳಿಸುವ ಮೊದಲು ಅದರ ಕ್ಲಿಪ್ ಬಿಡಿಸಬೇಕು. ಸ್ಪ್ರಿಂಗನ್ನು ಕಂಪ್ರೆಸರ್‌ನಲ್ಲಿ ಎರಡೂ ಬದಿ ಸಮವಾಗಿ ಒತ್ತಿ ಹಿಡಿದ ಮೇಲೆಯೇ ಶಾಕಿನ ನಡು ನಟ್ಟು ಬಿಚ್ಚುವುದು. ಒತ್ತದೆ ಆ ನಟ್ಟು ಬಿಚ್ಚಿದರೆ ಸ್ಪ್ರಿಂಗ್ ಗುಂಡಿನ ವೇಗದಲ್ಲಿ ಹಾರುತ್ತದೆ, ಮುಖ ಮುಂದಿಟ್ಟವನ ಗತಿ ಹೇಳಬೇಕಾಗಿಲ್ಲ. ಕಂಪ್ರೆಸರ್ ಇಲ್ಲದ ಗ್ಯಾರೇಜ್ ಆದರೆ ಅಲ್ಲಿಂದಲೇ ವಾಪಸು ಬನ್ನಿ.

ಪಾಟಾ ಕೆಲಸ, ಅಂಕೋಲಾ

ಕುಮಟಾದವರು ಹೇಳಿದ್ದಕ್ಕೆ ಒಂದು ಸೇರಿಸುತ್ತೇನೆ. ಎಷ್ಟೋ ಒಳ್ಳೆಯ ಮೆಕ್ಯಾನಿಕ್‌ಗಳೂ ಇದನ್ನು ಬಿಟ್ಟುಬಿಡುತ್ತಾರೆ. ಕೆಳಗಿನ ಆರ್ಮಿನ ಬುಶ್ ಬೋಲ್ಟುಗಳನ್ನು ಗಾಲಿ ಜೋತಾಡುತ್ತಿರುವಾಗ ಪೂರ್ತಿ ಬಿಗಿಯಬಾರದು. ಬುಶ್ಶಿನ ರಬ್ಬರು ಒಳಗಿನ ಕೊಳವೆಗೆ ಅಂಟಿಕೊಂಡಿರುತ್ತದೆ. ಜೋತ ಸ್ಥಿತಿಯಲ್ಲಿ ಬಿಗಿದು ಗಾಡಿ ಇಳಿಸಿದರೆ ರಬ್ಬರು ತಿರುಚಿಕೊಂಡೇ ಕೂರುತ್ತದೆ. ಎತ್ತರದ ಅಳತೆ ತಪ್ಪು ಬರುತ್ತದೆ, ಕೆಲವೇ ತಿಂಗಳಲ್ಲಿ ಬುಶ್ ಹರಿದು ಕಿರ್ರ್ ಅನ್ನುತ್ತದೆ. ಮೊದಲು ಕೈಬಿಗಿ ಮಾತ್ರ. ಗಾಡಿ ನೆಲಕ್ಕಿಳಿಸಿ, ಬಂಪರ್ ಮೇಲೆ ಕೂತು ಮೇಲೆ ಕೆಳಗೆ ಕುಲುಕಿಸಿ, ಹಿಂದೆ ಮುಂದೆ ಸ್ವಲ್ಪ ದೂಡಿ, ಗಾಲಿ ಮೇಲೆ ತೂಕ ಇರುವಾಗ ಟಾರ್ಕ್ ಸ್ಪಾನರಿನಲ್ಲಿ ಬಿಗಿಯಿರಿ. ಹಿಂದಿನ ಪಾಟಾ ಕಣ್ಣಿನ ಬೋಲ್ಟಿಗೂ ಇದೇ ಕ್ರಮ.

ಅಲೈನ್‌ಮೆಂಟಿಗೆ ತಿರುಗಿಸುವ ಬೋಲ್ಟುಗಳು ಕೊಳವೆಯೊಳಗೆ ತುಕ್ಕು ಹಿಡಿದು ಕೂತಿರಬಹುದು. ಕರಾವಳಿ ಗಾಡಿಗಳಲ್ಲಿ ಹತ್ತಕ್ಕೆ ಎಂಟು ಹಾಗೇ, ನಿಮ್ಮ ಕಡೆ ಸ್ವಲ್ಪ ವಾಸಿ. ಹಿಂದಿನ ದಿನವೇ ತುಕ್ಕು ಬಿಡಿಸುವ ಎಣ್ಣೆ ಹೊಡೆದು ಬಿಡಿ. ಕಟ್ಟುವಾಗ ಗ್ರೀಸ್ ಸವರಿ ಕಟ್ಟಿ.

ಕೆಲಸ ಮುಗಿದ ಮೇಲೆ ಅಲೈನ್‌ಮೆಂಟ್ ತಪ್ಪಿಸಬೇಡಿ. ಮುಂದಿನ ಎತ್ತರ ಚೂರು ಬದಲಾದರೂ ಕ್ಯಾಂಬರ್, ಕ್ಯಾಸ್ಟರ್, ಟೋ ಅನ್ನುವ ಗಾಲಿಯ ಮೂರೂ ಕೋನ ಸರಿಯುತ್ತವೆ. ಟೋ ತಪ್ಪಿದರೆ ಟೈರಿನ ಅಂಚು ಗರಗಸದ ಹಾಗೆ ಸವೆಯುತ್ತದೆ. ಕ್ಯಾಸ್ಟರ್ ಕಮ್ಮಿಯಾದರೆ ತಿರುವು ಮುಗಿದ ಮೇಲೆ ಸ್ಟೇರಿಂಗ್ ತಾನಾಗಿ ನೇರಕ್ಕೆ ಬರುವುದಿಲ್ಲ, ದೇವಿಮನೆಯಲ್ಲಿ ಕೂಡಲೇ ಗೊತ್ತಾಗುತ್ತದೆ. ಹೊಸ ಸ್ಪ್ರಿಂಗು ಕೂರಲು ಸ್ವಲ್ಪ ಸಮಯ ಬೇಕು, 500ರಿಂದ 1,000 ಕಿ.ಮೀ. ಓಡಿದ ಮೇಲೆ ಮತ್ತೊಮ್ಮೆ ಬೋಲ್ಟು ಬಿಗಿದು, ಅಲೈನ್‌ಮೆಂಟ್ ತೋರಿಸಿ.

ಸೊಪ್ಪಿನಬೆಟ್ಟ, ಶಿರಸಿ

ಕೆಲಸ ಆಯಿತು. ಬುಶ್ ಬಿಗಿಯುವ ಮಾತನ್ನು ಮೊದಲೇ ಹೇಳಿದ್ದರಿಂದ ಹುಡುಗರು ಗಾಡಿ ಇಳಿಸಿ, ಇಬ್ಬರು ಬಂಪರ್ ಮೇಲೆ ಹತ್ತಿ ಕುಲುಕಿಸಿದ ಮೇಲೆಯೇ ಬಿಗಿದರು. ಕುಲುಕಿಸಿದಾಗ ಬಲಗಡೆಯ ಬೋಲ್ಟಿನ ಕೊಳವೆ ಕಟ್ ಅಂತ ತಿರುಗಿ ಕೂತದ್ದು ಕಣ್ಣಾರೆ ಕಂಡಿತು. ಈಗ ಮುಂದೆ ಎರಡೂ ಬದಿ 510. ಹಿಂದೆ 535 ಇದ್ದ ಹಾಗೇ ಇದೆ, ಚೀಲ ಹೇರಿದರೆ ಹೆಚ್ಚುಕಮ್ಮಿ ಸಮ ಬರುತ್ತದೆ.

ಹೆಡ್‌ಲೈಟನ್ನೂ ಹೊಂದಿಸಿದೆವು. ಮಾಳಿಗೆ ಮನೆಯ ಗೋಡೆಗೆ 10 ಮೀಟರ್ ದೂರದಲ್ಲಿ ಸಮನೆಲದ ಮೇಲೆ ಗಾಡಿ ನಿಲ್ಲಿಸಿ, ಲೈಟಿನ ಎತ್ತರಕ್ಕೆ ಗೋಡೆ ಮೇಲೆ ಗೆರೆ ಎಳೆದು, ಡಿಪ್ ಬೆಳಕಿನ ಮೇಲಂಚು ಗೆರೆಗಿಂತ 10 ಸೆಂ.ಮೀ. ಕೆಳಗೆ ಬರುವ ಹಾಗೆ ಸ್ಕ್ರೂ ತಿರುಗಿಸಿದ್ದು.

ಕಾಲುವೆಗೆ ಸಿಮೆಂಟ್ ಪೈಪ್ ಇಟ್ಟು, ಮೇಲೆ ಚಿರೆಕಲ್ಲು ಕೂರಿಸಿ ಮೋರಿ ಮಾಡಿಸಿದೆ. ಊರಿನವರ ಬೈಕು, ಗ್ಯಾಸ್ ಗಾಡಿಗೂ ಅನುಕೂಲ ಆಯಿತು. ಮೂತಿ ಈಗ ಎಲ್ಲೂ ತಾಗುತ್ತಿಲ್ಲ. ಉಳಿದದ್ದು ನಡು ದಿಬ್ಬಕ್ಕೆ ತಾಗುವ ಹೌಸಿಂಗ್. ಟೈರು ಹೇಗೂ ಇನ್ನೊಂದು ಮಳೆಗಾಲಕ್ಕೆ ಸವೆಯುತ್ತದೆ. ಆಗ 265/70 ಆರ್16 ಹಾಕಿಸಿದರೆ ಎಷ್ಟು ಏಳುತ್ತದೆ?

ಸದಾಶಿವಗಡ, ಕಾರವಾರ

ಲೆಕ್ಕ ಸುಲಭ. ಈಗಿನ ಟೈರಿನ ಒಟ್ಟು ಎತ್ತರ ಸುಮಾರು 749 ಮಿ.ಮೀ., 265/70ರದ್ದು 777. ವ್ಯತ್ಯಾಸ 28, ಅದರ ಅರ್ಧ ಮಾತ್ರ ಹೌಸಿಂಗಿಗೆ ಸಿಗುತ್ತದೆ, ಅಂದರೆ 14 ಮಿ.ಮೀ. ಸ್ಪೀಡೋಮೀಟರ್ ಕಮ್ಮಿ ತೋರಿಸುತ್ತದೆ. ಮೊದಲು 80ಕ್ಕೆ ಸರಿ ತೋರಿಸುತ್ತಿದ್ದರೆ ಈಗ 80 ತೋರಿಸುವಾಗ ಗಾಡಿ 83ರಲ್ಲಿ ಓಡುತ್ತಿರುತ್ತದೆ. ಸ್ಟೇರಿಂಗ್ ಪೂರ್ತಿ ತಿರುಗಿಸಿದಾಗ ಒಳಗಿನ ಪ್ಲಾಸ್ಟಿಕ್ಕಿಗೆ ಉಜ್ಜುತ್ತದಾ ಅಂತ ಎರಡೂ ಕಡೆ ನೋಡಬೇಕು. ಗಾಡಿ ಖಾಲಿ ಇರುವಾಗ ಒಮ್ಮೆ, ಹೇರಿದಾಗ ಒಮ್ಮೆ.

ಕಾಗದಪತ್ರ, ಹೊನ್ನಾವರ

ಟೈರಿನ ಅಳತೆಯೂ ತಯಾರಕರ ವಿವರದಲ್ಲಿ ಬರುತ್ತದೆ. ಮಾಲೀಕರ ಕೈಪಿಡಿ ತೆಗೆದು ನಿಮ್ಮ ಮಾದರಿಗೆ ಯಾವ ಯಾವ ಅಳತೆ ಕೊಟ್ಟಿದ್ದಾರೆ ಅಂತ ಮೊದಲು ನೋಡಿ.

ಪಾಟಾ ಕೆಲಸ, ಅಂಕೋಲಾ

14 ಮಿ.ಮೀ.ಗಾಗಿ ಟೈರಿನ ಅಳತೆ ಬದಲಾಯಿಸುವ ಮೊದಲು ಆ ದಿಬ್ಬವನ್ನು ಒಂದು ಸಲ ಅಳೆಯಿರಿ ತಮಾ. ಗಾಲಿ ಹೊಂಡದ ತಳದಿಂದ ದಿಬ್ಬದ ತಲೆಗೆ ಕೋಲು ಇಟ್ಟು ನೋಡಿ. ಟ್ರ್ಯಾಕ್ಟರ್ ಓಡಾಡುವ ತನಕ ಹೊಂಡ ಇಳಿಯುತ್ತಲೇ ಹೋಗುತ್ತದೆ, ಯಾವ ಟೈರೂ ಅದನ್ನು ಹಿಂದೆ ಹಾಕುವುದಿಲ್ಲ. ಮಳೆ ನಿಂತ ಮೇಲೆ ಮಣ್ಣು ಇನ್ನೂ ಹಸಿ ಇರುವಾಗಲೇ ಜೆಸಿಬಿಯಲ್ಲಿ ದಿಬ್ಬ ಕೆರೆಸಿ ಹೊಂಡಕ್ಕೆ ತುಂಬಿಸಿ. ಮೇಲೆ ಚಿರೆಕಲ್ಲಿನ ಚೂರು ಹಾಕಿ ದಮ್ಮಸು ಮಾಡಿಸಿ. ಮೇಲ್ಬದಿಯಲ್ಲಿ ನೀರು ಹೊರಳಿಸುವ ಅಗಳ ತೋಡಿಸಿದರೆ ಮುಂದಿನ ಮಳೆಗೆ ಕೊರಕಲು ಕಮ್ಮಿ ಆಗುತ್ತದೆ. ಅದರ ಮೇಲೂ ತಾಗಿದರೆ ಟೈರಿನ ಮಾತು ಆಡೋಣ.

ಸೊಪ್ಪಿನಬೆಟ್ಟ, ಶಿರಸಿ

ಕೋಲು ಇಟ್ಟು ನೋಡಿದೆ ಅಣ್ಣ, ಹೊಂಡದ ತಳದಿಂದ ದಿಬ್ಬದ ತಲೆಗೆ ಒಂದು ಗೇಣಿಗಿಂತ ಹೆಚ್ಚಿದೆ. ಜೆಸಿಬಿಯವರಿಗೆ ಹೇಳಿದ್ದೇನೆ, ದೀಪಾವಳಿ ಒಳಗೆ ಬರುತ್ತಾರಂತೆ.